ಲೋಕದ ಕವಿತೆಗಳ ಪಟ್ಟಿಯಲ್ಲಿ ಇಬ್ಬರು ನಿಂಗಪ್ಪರು

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಏನು ಕೆಲಸ ಮಾಡಿದೆ ಎಂಬುದು ಆನೇಕಲ್ಲಿನ ನಮ್ಮ ನೆಂಟರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದವರಿಗೆ "ಕಂಪ್ಯೂಟರ್ ಕೆಲಸ" ಎಂದುಬಿಡುತ್ತಿದ್ದೆ. ನಿಜ ಹೇಳಿದರೆ ನಗುತ್ತಿದ್ದರು. ಒಂದು ವರ್ಷದಲ್ಲಿ ಲೋಕದ ಎಲ್ಲ ಕಡೆ ಅಚ್ಚಾದ ಕವಿತೆ ಪುಸ್ತಕಗಳ ಪಟ್ಟಿ ಮಾಡುವುದು ನಮ್ಮ ಕೆಲಸವಾಗಿತ್ತು. ಹೊರದೇಶದ ಕೆಲವು ಗ್ರಂಥಾಲಯಗಳು ಸೇರಿ ಆ ಪಟ್ಟಿಯನ್ನು ನಮ್ಮ ಕಂಪನಿಯಿಂದ ಮಾಡಿಸಿಕೊಳ್ಳುತ್ತಿದ್ದವು. ನಮ್ಮ ಮೇಲಿನ ಮಹಡಿಯಲ್ಲಿ ವಿಮಾನದಲ್ಲಿ ಕಳೆದುಹೋದ ಪೆಟ್ಟಿಗೆಗಳ ದೂರು ಕೇಳುತ್ತಿದ್ದರು, ಕೆಳಗಿನ ಮಹಡಿಯಲ್ಲಿ ವಿಮೆಯ ಅರ್ಜಿ ನೋಡುತ್ತಿದ್ದರು. ನಡುವೆ ನಾವು ಹನ್ನೊಂದು ಜನ, ಕವಿತೆ.

ಹೋದ ತಿಂಗಳು, ನಾನು ಬಿಟ್ಟ ಕುರ್ಚಿಗೆ ಬಂದಿರುವ ಹುಡುಗಿಯೊಬ್ಬಳು ಫೋನ್ ಮಾಡಿ, "ಮೇಡಂ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಗೊತ್ತಿರಬೇಕು?" ಎಂದು ಕೇಳಿದಳು. ಅರ್ಧ ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ, ಅವಳಿಗೆ ಏನೂ ಹೇಳಲಿಲ್ಲ ಅನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಅವಳಿಗೆ ಬೇಡ. ನಾನು ಎಲ್ಲೆಲ್ಲಿ ಎಡವಿದೆ ಎಂಬುದು ಬೇಕಾಗಬಹುದು.

ಗ್ರಂಥಾಲಯ ವಿಜ್ಞಾನ ಓದಿ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಗೊಂದಲ ಶುರುವಾಯಿತು. ನಮ್ಮ ವಿಭಾಗದ ಮುಖ್ಯಸ್ಥೆ ಡಾಫ್ನಿ ಮೇಡಂ. ವೈಟ್‌ಫೀಲ್ಡಿನ ಹಳೆಯ ಆಂಗ್ಲೋ ಇಂಡಿಯನ್ ಮನೆತನದವರು. ಹೂವಿನ ಗೌನು, ಮೂಗಿನ ತುದಿಯಲ್ಲಿ ಕನ್ನಡಕ, ಮಾತು ಅಳೆದು ತೂಗಿ. ಆಗೆಲ್ಲ ಪುಸ್ತಕಗಳೇ ಪಾರ್ಸೆಲಿನಲ್ಲಿ ಬರುತ್ತಿದ್ದವು. ಅವರು ಒಂದು ಪುಸ್ತಕ ನನ್ನ ಮುಂದಿಟ್ಟು, "ಕವಿತೆ ಹೌದಾ ಅಲ್ವಾ, ಹೇಳು" ಎಂದರು. ಒಳಗಿನ ಲಿಪಿ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಓದಕ್ಕೆ ಬರಲ್ಲ ಮೇಡಂ."

"ನಂಗೂ ಬರಲ್ಲ. ಸಾಲು ನೋಡು. ಎಲ್ಲಾ ಸಾಲೂ ಅಂಚಿನ ತನಕ ಹೋದ್ರೆ ಗದ್ಯ. ನಡುವೆ ನಿಂತ್ರೆ ಕವಿತೆ ಇರ್ಬೋದು. ಇರ್ಬೋದು, ಅಷ್ಟೆ. ಆಮೇಲೆ ಆ ಭಾಷೆ ಗೊತ್ತಿರೋರ್ನ ಹುಡುಕಿ ಕೇಳು."

ನನಗೆ ಆ ಮಾತಿನ ಮೊದಲ ಅರ್ಧ ಮಾತ್ರ ಕಿವಿಗೆ ಬಿತ್ತು. ಸಾಲು ಅರ್ಧಕ್ಕೆ ನಿಂತಿದ್ದರೆ ಕವಿತೆ ಎಂದು ಬರೆದುಕೊಂಡು ಹೋದೆ. ಆ ವರ್ಷದ ಪಟ್ಟಿ ಹೊರಟ ಮೇಲೆ ಒಂದು ದೇಶದ ಗ್ರಂಥಪಾಲಕರು ಬಹಳ ಮರ್ಯಾದೆಯಿಂದ ಪತ್ರ ಬರೆದರು. ನೀವು ನಮ್ಮ ದೇಶದ ಕವಿತೆಗಳಲ್ಲಿ ಸೇರಿಸಿರುವ ನಲವತ್ತು ಪುಟದ ಪುಸ್ತಕ ನಮ್ಮ ರೈಲುಗಳ ವೇಳಾಪಟ್ಟಿ, ಎಂದು. ಡಾಫ್ನಿ ಮೇಡಂ ಬೈಯಲಿಲ್ಲ. ಪತ್ರವನ್ನು ನನ್ನ ಮೇಜಿನ ಗಾಜಿನ ಕೆಳಗೆ ಸೇರಿಸಿ ಹೋದರು. ಎರಡು ವರ್ಷ ಅಲ್ಲೇ ಇತ್ತು.

ಮುಂದಿನ ವರ್ಷ ಅದಕ್ಕೆ ತಿರುಗುಮುರುಗಾಯಿತು. ಅಂಚಿನ ತನಕ ಸಾಲು ತುಂಬಿದ್ದ ಒಂದು ಪುಸ್ತಕವನ್ನು ಗದ್ಯ ಎಂದು ಪಕ್ಕಕ್ಕೆ ಹಾಕಿದೆ. ಅದನ್ನು ಬರೆದಾಕೆ ತನ್ನ ದೇಶದಲ್ಲಿ ದೊಡ್ಡ ಕವಿಯಂತೆ. ಅವರು ಸಾಲು ಮುರಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ. ಯಾವುದು ಕವಿತೆ ಎಂದು ನನಗೆ ಇವತ್ತೂ ಖಚಿತವಾಗಿ ಗೊತ್ತಿಲ್ಲ. ಹೊಸಬರು ಗಾಬರಿಯಾಗಬೇಡಿ. ಗೊತ್ತಿದೆ ಎಂದುಕೊಂಡ ವರ್ಷಗಳಲ್ಲೇ ನಾನು ಹೆಚ್ಚು ತಪ್ಪು ಮಾಡಿದ್ದು.

ಕವಿತೆಯಾದರೂ ಹೋಗಲಿ, "ಒಂದು ವರ್ಷ" ಎಂದರೆ ಏನು ಎಂಬುದರಲ್ಲಾದರೂ ಗಲಾಟೆ ಇರಬಾರದಿತ್ತು. ಥಾಯ್ ಭಾಷೆಯ ಪುಸ್ತಕಗಳಲ್ಲಿ ಎರಡು ಸಾವಿರದ ಐನೂರ ಚಿಲ್ಲರೆ ಎಂದು ಇಸವಿ ಅಚ್ಚಾಗಿರುತ್ತಿತ್ತು. ಅಚ್ಚಿನ ತಪ್ಪು ಎಂದು ಒಂದು ಕಂತೆಯನ್ನೇ ತಿದ್ದಿ ಇಟ್ಟೆ. ಅವರ ಲೆಕ್ಕ ಬುದ್ಧನಿಂದ ಶುರುವಾಗುತ್ತದೆ ಎಂದು ಆಮೇಲೆ ತಿಳಿಯಿತು. ಇರಾನಿನ ವರ್ಷ ಮಾರ್ಚಿನಲ್ಲಿ ಹುಟ್ಟುತ್ತದೆ, ಇಥಿಯೋಪಿಯಾದ್ದು ಸೆಪ್ಟೆಂಬರಿನಲ್ಲಿ. ನಮ್ಮಲ್ಲೇ ಶಕವರ್ಷವನ್ನೋ ಸಂವತ್ಸರದ ಹೆಸರನ್ನೋ ಮಾತ್ರ ಹಾಕುವ ಹಿರಿಯರಿದ್ದಾರೆ. ಒಂದೇ ಪುಸ್ತಕ ಎರಡು ವರ್ಷಗಳ ನಡುವೆ ಕಾಲು ಚಾಚಿ ಮಲಗಿರುತ್ತಿತ್ತು. "ಯಾವ ವರ್ಷಕ್ಕೆ ಹಾಕಲಿ ಮೇಡಂ?" ಎಂದರೆ ಡಾಫ್ನಿ ಮೇಡಂ, "ಅವರ ವರ್ಷ ಅವರು ಬರೆದ ಹಾಗೇ ಬರಿ, ಪಕ್ಕದಲ್ಲಿ ನಮ್ಮದು ಬರಿ. ಯಾರ್ದನ್ನೂ ಅಳಿಸ್ಬೇಡ" ಎನ್ನುತ್ತಿದ್ದರು.

ಬರಬರುತ್ತ ಪಾರ್ಸೆಲ್ ನಿಂತಿತು. ಪುಸ್ತಕದ ಬದಲು ಹೊದಿಕೆಯ ಚಿತ್ರ, ಒಳಗಿನ ಎರಡು ಪುಟದ ಚಿತ್ರ ಬರತೊಡಗಿದವು. ಪುಸ್ತಕದ ವಾಸನೆ ಇಲ್ಲದೆ ನನಗೆ ಮೊದಮೊದಲು ಕೈ ಕಟ್ಟಿಹಾಕಿದಂತಾಯಿತು. ಆಮೇಲೆ ಹೆಸರುಗಳನ್ನು ಹೊಂದಿಸುವ ಯಂತ್ರ ಬಂತು. ಒಂದೇ ಹೆಸರಿನ ಎರಡು ದಾಖಲೆ ಕಂಡರೆ ಅದು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಕೇಳುತ್ತಿತ್ತು: ಇವರಿಬ್ಬರೂ ಒಬ್ಬರೇ? ನಾವು ಹೌದು ಅಥವಾ ಅಲ್ಲ ಎಂದು ಒತ್ತಬೇಕು. ದಿನಕ್ಕೆ ನೂರಾರು. ಬೆಳಿಗ್ಗೆ ಯೋಚಿಸಿ ಒತ್ತುತ್ತಿದ್ದೆವು, ಊಟವಾದ ಮೇಲೆ ಸುಮ್ಮನೆ ಒತ್ತುತ್ತಿದ್ದೆವು.

ನಿಂಗಪ್ಪ ಹಳ್ಳೂರ ಎಂಬ ಹೆಸರು ಬಂದದ್ದು ಊಟವಾದ ಮೇಲೆ.

ಎಡಗಡೆ, ಪೀಣ್ಯದ ಒಂದು ಮುದ್ರಣಾಲಯದಿಂದ ನಾಲ್ಕು ಕವನ ಸಂಕಲನ ತಂದ ನಿಂಗಪ್ಪ ಹಳ್ಳೂರ. ಬಲಗಡೆ, ಹಾವೇರಿ ಕಡೆಯ ಮೇಷ್ಟ್ರು ಕವಿ ನಿಂಗಪ್ಪ ಹಳ್ಳೂರ ತೀರಿಕೊಂಡರೆಂಬ ಸಣ್ಣ ಪತ್ರಿಕೆಯ ಸುದ್ದಿ. ಎರಡೂ ಕನ್ನಡ, ಎರಡೂ ಹಳ್ಳೂರ. ನಾನು ಹೌದು ಎಂದು ಒತ್ತಿದೆ. ಎರಡು ದಾಖಲೆಗಳೂ ಒಂದೇ ಹೆಸರಿನ ಕೆಳಗೆ ಸೇರಿಕೊಂಡವು. ಆ ಹೆಸರಿನ ಮುಂದೆ ಸತ್ತ ವರ್ಷ ತಾನಾಗಿ ಬಂದು ಕೂತಿತು.

ಮರುವರ್ಷ ಒಂದು ಮಧ್ಯಾಹ್ನ ಗೇಟಿನಿಂದ ಸೆಕ್ಯೂರಿಟಿಯವರು ಫೋನ್ ಮಾಡಿದರು. "ಮೇಡಂ, ಇಲ್ಲೊಬ್ರು ಬಂದವ್ರೆ. ನಾನು ಸತ್ತಿಲ್ಲ ಅಂತ ಹೇಳ್ಬೇಕು, ಪಟ್ಟಿ ಮಾಡೋರ್ನ ಕರೀರಿ ಅಂತವ್ರೆ. ಏನ್ ಮಾಡ್ಲಿ?"

ಕೆಳಗೆ ಹೋದೆ. ಐವತ್ತೈದು ದಾಟಿದ ಗಂಡಸು. ಕಾರ್ಖಾನೆಯ ನೀಲಿ ಅಂಗಿಯನ್ನು ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ಪೀಣ್ಯದಲ್ಲಿ ಲೇತ್ ಯಂತ್ರದ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಕೈ. ನಮಸ್ಕಾರಕ್ಕೆ ಜೋಡಿಸಿದಾಗ ಬೆರಳುಗಳು ಪೂರ್ತಿ ನೆಟ್ಟಗಾಗಲಿಲ್ಲ.

"ನಾನs ರೀ ನಿಂಗಪ್ಪ ಹಳ್ಳೂರ. ಬಾಗಲಕೋಟಿ ಕಡೆಯಾವ. ನಾ ಇನ್ನೂ ಸತ್ತಿಲ್ರಿ ಮೇಡಂ" ಎಂದು ಫೋನು ಮುಂದೆ ಹಿಡಿದರು.

ಅದರಲ್ಲೊಂದು ಇಂಗ್ಲಿಷ್ ಪತ್ರ. ದೂರದ ದೇಶದ ಒಬ್ಬ ಸಂಪಾದಕಿ ಹಿಂದಿನ ವರ್ಷ ಲೋಕದಲ್ಲಿ ಅಚ್ಚಾದ ಕವಿತೆಗಳಿಂದ ಒಂದು ಸಂಕಲನ ಮಾಡುತ್ತಿದ್ದರು, ಭಾಷೆಗೊಂದು ಕವಿತೆ. ಕನ್ನಡದಿಂದ ನಿಂಗಪ್ಪ ಹಳ್ಳೂರರ ಒಂದು ಕವಿತೆ ಆರಿಸಿದ್ದರು. ನಮ್ಮ ಪಟ್ಟಿಯಲ್ಲಿ ಸತ್ತ ವರ್ಷ ನೋಡಿ ಮನೆಯವರಿಗೆ ಸಂತಾಪ ಸೂಚಿಸಿ, ಕವಿತೆ ಬಳಸಲು ಒಪ್ಪಿಗೆ ಕೇಳಿದ್ದರು. ಪತ್ರ ಪುಸ್ತಕದಲ್ಲಿದ್ದ ಮುದ್ರಣಾಲಯದ ವಿಳಾಸಕ್ಕೆ ಹೋಗಿ, ಅಲ್ಲಿಂದ ನಿಂಗಪ್ಪನವರ ಫೋನಿಗೆ ಬಂದಿತ್ತು; ಪಟ್ಟಿ ನಮ್ಮ ಕಂಪನಿಯದೆಂದು ಅದರಲ್ಲೇ ಬರೆದಿತ್ತು.

"ನಾ ಡ್ಯೂಟಿಗೆ ಹೋಗಿದ್ನಿ, ಫೋನ್ ಮನ್ಯಾಗಿತ್ತು. ಮಗಳು ಓದಿ ಹೇಳ್ಯಾಳ್ರಿ, ಅಪ್ಪ ತೀರಿಕೊಂಡಾನಂತ ಇಂಗ್ಲಿಷ್‌ನ್ಯಾಗ ಬರದಾರಂತ. ನಮ್ಮಾಕಿ ಕಾರ್ಖಾನಿ ಗೇಟಿಗೇ ಓಡಿ ಬಂದ್ಲು. ನಾ ಟಿಫಿನ್ ಮಾಡ್ಕೋತ ಕುಂತಿದ್ನಿ. ನನ್ನ ನೋಡಿದಾಕೀನ ಎಲ್ಲಾರ ಮುಂದ ಒಂದು ಕೊಟ್ಲು ನೋಡ್ರಿ ಬೆನ್ನಿಗೆ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮೇಲೆ ಬಂದು ಡಾಫ್ನಿ ಮೇಡಂ ಮುಂದೆ ನಿಂತು ಹೇಳಿದೆ. ಅವರು ದಾಖಲೆ ತೆಗೆದು ನೋಡಿ ಒಂದೇ ಪ್ರಶ್ನೆ ಕೇಳಿದರು.

"ಲಲಿತಾ, ನೀನು ನೋಡಿದ್ಯಾ, ಇಲ್ಲಾ ಬರೀ ಒತ್ತಿದ್ಯಾ?"

ಯಂತ್ರ ಸೂಚಿಸಿತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಒತ್ತಿದೆ ಮೇಡಂ" ಎಂದೆ.

"ಹಾಗಾದ್ರೆ ಈಗ ಹೋಗಿ ನೋಡು. ಇಲ್ಲಿಂದಲ್ಲ, ಅಲ್ಲಿಗೇ ಹೋಗು."

ಆ ಶನಿವಾರ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ, ಅಲ್ಲಿಂದ ಮೆಟ್ರೊದಲ್ಲಿ ಪೀಣ್ಯಕ್ಕೆ ಹೋದೆ. ನಿಂಗಪ್ಪನವರು ಸ್ಟೇಷನ್ನಿನ ಮೆಟ್ಟಿಲ ಬಳಿ ಕಾಯುತ್ತಿದ್ದರು. ನಾನು ಅಂದುಕೊಂಡಿದ್ದು ಕೆಲಸ ಸುಲಭ ಎಂದು. ಇಬ್ಬರನ್ನು ಬೇರೆ ಮಾಡುವುದು, ಬದುಕಿರುವವರ ಮುಂದಿನ ಸತ್ತ ವರ್ಷ ಅಳಿಸುವುದು, ಸಂಪಾದಕಿಗೆ ಪತ್ರ ಬರೆಯುವುದು. ದಾರಿಯಲ್ಲಿ ಅವರು ತಮ್ಮ ನಾಲ್ಕನೆಯ ಪುಸ್ತಕ ಕೈಗೆ ಕೊಟ್ಟು ಹೇಳಿದರು: "ಇದರಾಗ ಅರ್ಧ ನನ್ನವಲ್ರಿ ಮೇಡಂ."

"ಹಾಗಂದ್ರೆ?"

"ಅಚ್ಚಾಗಿ ಬಂದಾಗs ಗೊತ್ತಾತು. ಪ್ರೆಸ್ಸಿನ ರಂಗಸ್ವಾಮಣ್ಣ ಪುಟ ಸಾಲ್ದಂತ ಯಾರವೋ ಸೇರಸ್ಯಾನ ಅಂದ್ಕೊಂಡ್ನಿ. ಓದಿ ನೋಡಿದ್ನಿ, ಚಲೋ ಇದ್ದವು. ಸುಮ್ಮನಾದ್ನಿ."

ಸಂಪಾದಕಿ ಕವಿತೆ ಆರಿಸಿದ್ದು ಆ ಪುಸ್ತಕದಿಂದಲೇ.

ಮುದ್ರಣಾಲಯ ಎಂದರೆ ಔಷಧಿ ಡಬ್ಬಿಯ ಚೀಟಿ, ಮದುವೆ ಕಾಗದ ಅಚ್ಚು ಹಾಕುವ ಉದ್ದನೆಯ ಶೆಡ್ಡು. ಯಜಮಾನ ರಂಗಸ್ವಾಮಿ ಅಲ್ಲಿನ ಹಳೆಯ ಹಳ್ಳಿಯವರೇ. ಶೆಡ್ಡು ನಿಂತ ಜಾಗ ಅವರಪ್ಪನ ರಾಗಿ ಹೊಲವಂತೆ. ಪುಸ್ತಕ ನೋಡಿದವರೇ ತಲೆ ಕೆರೆದುಕೊಂಡರು.

"ನೋಡಿ ಮೇಡಂ, ಇದ್ದಿದ್ದನ್ನ ಇದ್ದಂಗೇ ಯೋಳ್ತೀನಿ. ಇವ್ರು ಒಂದ್ ಕಟ್ಟು ಕೊಟ್ಟಿದ್ರು. ಆಮೇಕೆ ಒಬ್ ಹುಡ್ಗ, ಇಲ್ಲೇ ಪೀಣ್ಯದಲ್ಲಿ ಕೆಲ್ಸ ಮಾಡೋನು, ಒಂದ್ ನೋಟ್‌ಬುಕ್ ತಂದ್ಕೊಟ್ಟ. ಮೇಲೆ ನಿಂಗಪ್ಪ ಹಳ್ಳೂರ ಅಂತ ಬರೆದಿತ್ತು. ಇವ್ರೇ ಇನ್ನೊಂದಷ್ಟು ಕಳಿಸವ್ರೆ ಅಂತ ಒಟ್ಟಿಗೆ ಆಕ್ಬುಟ್ಟೆ. ಅಂಗಾಗೋಯ್ತು."

"ಆ ನೋಟ್‌ಬುಕ್, ಇವರ ಕಟ್ಟು ಎಲ್ಲಿ?"

"ರದ್ದಿಗೆ ವೋಯ್ತು ಮೇಡಂ."

ಆ ಹುಡುಗ ಎಂದರೆ ಹಾವೇರಿ ಕಡೆಯ ಮೇಷ್ಟ್ರ ಮಗ. ತಂದೆ ಕಾಯಿಲೆ ಬಿದ್ದಾಗ, ಬದುಕಿರುವಷ್ಟರಲ್ಲಿ ಅವರ ಪುಸ್ತಕ ಕೈಗೆ ಕೊಡಬೇಕೆಂದು ನೋಟ್‌ಬುಕ್ ತಂದಿದ್ದ. ಅಚ್ಚಾಗುವ ಮೊದಲೇ ತಂದೆ ಹೋದರು. ಪುಸ್ತಕ ಬಂದಾಗ ಮಗ ಹೊದಿಕೆಯ ಹೆಸರು ನೋಡಿ, ಕಣ್ಣಿಗೊತ್ತಿಕೊಂಡು, ದೇವರ ಮುಂದೆ ಇಟ್ಟಿದ್ದನಂತೆ. ಓದಿರಲಿಲ್ಲ. ಮೇಷ್ಟ್ರ ಹೆಂಡತಿ ಶಾಂತವ್ವ ಈಗ ಮಗನ ಜೊತೆ ಪೀಣ್ಯದಲ್ಲೇ ಇದ್ದರು. ರಂಗಸ್ವಾಮಿ ಫೋನ್ ಮಾಡಿದ ಅರ್ಧ ಗಂಟೆಗೆ ಆಕೆ ಬಂದರು. ತಲೆ ತುಂಬ ಸೆರಗು, ಕೈಯಲ್ಲಿ ಅರಿಶಿನ ಹಚ್ಚಿದ ಅದೇ ಪುಸ್ತಕ.

"ಅಮ್ಮ, ಬರೆದವರ ಹೆಸರು?" ಎಂದು ಅಭ್ಯಾಸಬಲದಿಂದ ಕೇಳಿದೆ.

ಆಕೆ ಬಾಯಿಗೆ ಸೆರಗು ಹಿಡಿದು ನಿಂಗಪ್ಪನವರ ಕಡೆ ಕೈ ತೋರಿಸಿದರು. "ಈ ಅಣ್ಣಾರ ಹೆಸರs ರೀ." ಗಂಡನ ಹೆಸರನ್ನು ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ.

"ಹಳ್ಳೂರ ಅಂತ ಎರಡೂ ಕಡೆ ಊರು ಐತ್ರಿ" ಎಂದರು ನಿಂಗಪ್ಪ, ಏನೋ ತಮ್ಮದೇ ತಪ್ಪೆಂಬಂತೆ.

ಔಷಧಿ ಚೀಟಿಗಳ ರಾಶಿಯ ಪಕ್ಕ ನಾಲ್ಕು ಸ್ಟೂಲು ಹಾಕಿಕೊಂಡು ಕೂತೆವು. ನಾನು ಒಂದೊಂದೇ ಕವಿತೆ ಗಟ್ಟಿಯಾಗಿ ಓದುವುದು, ಅವರಿಬ್ಬರೂ ಯಾರದೆಂದು ಹೇಳುವುದು. ವರದಾ ನದಿ, ಶಾಲೆಯ ಗಂಟೆ, ಪರೀಕ್ಷೆಗೆ ಬಾರದ ಹುಡುಗಿ ಮೇಷ್ಟ್ರವು. ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಚೂರು, ಗಂಟೆಗಟ್ಟಲೆ ನಿಂತ ಬಸ್ಸು ನಿಂಗಪ್ಪನವರವು. ಮುಕ್ಕಾಲು ಪುಸ್ತಕ ಬೇಗ ಹಂಚಿಹೋಯಿತು. ಆಮೇಲೆ ಸಂಪಾದಕಿ ಆರಿಸಿದ್ದ ಕವಿತೆ ಬಂತು. ಎಂಟೇ ಸಾಲು. ಶುರು ಹೀಗಿತ್ತು:

ಕೋಳಿ ಕೂಗುವ ಮೊದಲೇ
ಎಡಗೈ ಸಪ್ಪಳ ಎದ್ದಿತು;
ರೊಟ್ಟಿ ಬಡಿವ ತಾಳಕ್ಕೆ
ಪರವೂರ ಹಸಿವು ಎದ್ದು ಕೂತಿತು.

"ಇದು ನಂದ್ರಿ" ಎಂದರು ನಿಂಗಪ್ಪ.

"ಇದು ಅವರದ್ರಿ" ಎಂದರು ಶಾಂತವ್ವ.

ಇಬ್ಬರೂ ಒಟ್ಟಿಗೆ ಹೇಳಿದ್ದರು.

ಶಾಂತವ್ವ ತಮ್ಮ ಎಡಗೈ ಮುಂದೆ ಚಾಚಿದರು. "ನಾ ಎಡಚೀರಿ. ಎಡಗೈಲೇ ರೊಟ್ಟಿ ಬಡಿತೀನಿ. ನಮ್ಮತ್ತಿ ಅದಕ್ಕs ಬೈತಿದ್ಲು. ಅವರಿಗೆ ಹೊರಗಿನ ಊರಿಗೆ ವರ್ಗ ಆದಾಗ ಅಲ್ಲಿ ಹೋಟ್ಲದಾಗ ಉಣ್ಣಾಕತ್ತಿದ್ರು, ನಿನ್ನ ರೊಟ್ಟಿ ಸಪ್ಪಳ ಕೇಳಬೇಕ ಅಂತ ಕಾಗದಾ ಬರದಿದ್ರು."

ನಾನು ನಿಂಗಪ್ಪನವರ ಮುಖ ನೋಡಿದೆ.

"ನಾ ಈ ಊರಿಗೆ ಬಂದ ಹೊಸದಾಗ, ಬಾಡಿಗಿ ಖೋಲ್ಯಾಗ ಒಬ್ಬಾವ ಇದ್ನಿ" ಎಂದರು ಅವರು ನಿಧಾನವಾಗಿ. "ಬಾಜೂಕ ಗ್ವಾಡಿ ಆಕಡೆ ಯಾರೋ ಹೆಣ್ಮಗಳು ದಿನಾ ಮುಂಜಾನಿ ರೊಟ್ಟಿ ಬಡೀತಿದ್ಲು. ಆಕೀ ಮುಖಾ ನಾ ನೋಡಿಲ್ಲ. ಅದs ಬರದಿದ್ನಿ. ಆದ್ರ ನಾ ಬರದಿದ್ದು ಎಡಗಡೆ ಸಪ್ಪಳ ಅಂತ್ರಿ. ಎಡಗಡಿ ಗ್ವಾಡಿ. ಎಡಗೈ ಅಂತ ಬರದಿಲ್ಲ."

ನಾವು ಮೂವರೂ ರಂಗಸ್ವಾಮಿಯತ್ತ ತಿರುಗಿದೆವು.

"ಅಕ್ಷರ ಜೋಡ್ಸೋ ಹುಡ್ಗಿ ಎಡಗಡೆನ ಎಡಗೈ ಮಾಡಿದ್ರೂ ಮಾಡಿರ್ಬೋದು ಮೇಡಂ" ಎಂದರು ಅವರು. "ಮಾಡ್ದೆನೂ ಇರ್ಬೋದು. ನಂಗೆಂಗೆ ಗೊತ್ತಾಯ್ತದೆ?"

ಒಂದು ಪದದ ಪ್ರಶ್ನೆ. ಅದರ ಮೇಲೆ ಕನ್ನಡದಿಂದ ಲೋಕದ ಆ ಸಂಕಲನಕ್ಕೆ ಹೋಗುವ ಕವಿ ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ನಿಂತಿತ್ತು. ಕವಿತೆ ಮೇಷ್ಟ್ರದ್ದಾದರೆ ಆ ಸಂತಾಪದ ಪತ್ರ ತಪ್ಪಾದ ಮನೆಗೆ ಹೋಗಿತ್ತು, ಅಷ್ಟೇ, ಪತ್ರವೇನೋ ಸರಿಯಾಗಿತ್ತು. ನಾನು ಆ ಎಂಟು ಸಾಲನ್ನು ನಾಲ್ಕು ಸಲ ಓದಿದೆ. ಒಮ್ಮೆ ಮೇಷ್ಟ್ರದೇ ಅನಿಸಿತು, ಮತ್ತೊಮ್ಮೆ ಈ ಲೇತಿನವರದೇ ಅನಿಸಿತು. ಸಾವಿರಾರು ಕವಿಗಳ ಹೆಸರು ಹೊಂದಿಸಿದ ನನಗೆ ಎದುರಿಗೇ ಕೂತ ಇಬ್ಬರಲ್ಲಿ ಯಾರದೆಂದು ಹೇಳಲಾಗಲಿಲ್ಲ.

ಶಾಂತವ್ವ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. "ಅವರು ನದೀ ಮ್ಯಾಲೆ ಬರದ್ರು, ಗಾಂಧೀ ಮ್ಯಾಲೆ ಬರದ್ರು, ಸಾಲೀ ಮ್ಯಾಲೆ ಬರದ್ರು. ನನ್ನ ಮ್ಯಾಲೆ ಅಂತ ಇದೊಂದs ರೀ."

ಶೆಡ್ಡಿನ ಅಚ್ಚಿನ ಯಂತ್ರ ಒಂದು ಕಂತೆ ಚೀಟಿ ಮುಗಿಸಿ ನಿಂತಿತು. ನಿಂಗಪ್ಪನವರು ನನ್ನ ಕಡೆ ತಿರುಗಿದರು.

"ಮೇಡಂ, ಅವರದs ಅಂತ ಬರೀರಿ."

"ಅಣ್ಣಾರ, ನೀವು ನಂದು ಅಂದ್ರಲ್ರಿ" ಎಂದರು ಶಾಂತವ್ವ. ಅವರ ದನಿ ಗಟ್ಟಿಯಾಗಿತ್ತು. "ದಾನಾ ಮಾಡಬ್ಯಾಡ್ರಿ ನನಗ. ಖರೇ ಹೇಳ್ರಿ."

"ಖರೇ ಅಂದ್ರ ನನಗ ಈಗ ಗೊತ್ತಾಗವಲ್ದ್ರಿ ಅಕ್ಕಾರ" ಎಂದರು ನಿಂಗಪ್ಪ. "ನಾ ರೊಟ್ಟಿ ಸಪ್ಪಳದ ಮ್ಯಾಲೆ ಒಂದು ಬರದಿದ್ದು ಖರೆ. ಅದು ಇದs ಏನು, ಓದಿ ಓದಿ ಇದನ್ನs ನಂದು ಅಂದ್ಕೊಂಡೀನೇನು, ಆಣಿ ಮಾಡಿ ಹೇಳಾಕ ಆಗೂದಿಲ್ಲ."

ಆ ಹೊತ್ತಿಗೆ ನಾನು ಏನಾದರೂ ಹೇಳಬೇಕಿತ್ತು. ಪಟ್ಟಿ ಮಾಡುವವಳು ನಾನು. ಇಬ್ಬರೂ ಹೇಳಿದ್ದನ್ನು ಹಾಗೇ ಬರೆದುಕೊಂಡು ಎದ್ದೆ. ಬರುವಾಗ ಮೆಟ್ರೊದಲ್ಲಿ ಎರಡು ಸ್ಟೇಷನ್ ಮುಂದೆ ಹೋಗಿ ಇಳಿದೆ.

ಸೋಮವಾರ ಡಾಫ್ನಿ ಮೇಡಂಗೆ ಎಲ್ಲವನ್ನೂ ಹೇಳಿದೆ. ಸಂಪಾದಕಿಗೆ ಏನು ಉತ್ತರ ಕೊಡುವುದು? ಇಬ್ಬರು ಕವಿಗಳು, ಒಂದು ಕವಿತೆ, ಒಂದು ಹೆಸರು. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನಿಂಗೆ ಗೊತ್ತಿಲ್ಲ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂತಾನೇ ಬರಿ. ಪೂರ್ತಿ ಬರಿ. ನೀನು ಒತ್ತಿದ್ದು ಸೇರಿಸಿ. ಸೈನ್ ನಾನೂ ಮಾಡ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದ ಅತಿ ಉದ್ದದ ಅಧಿಕೃತ ಪತ್ರ ಅದು. ನನ್ನ ತಪ್ಪಿಗೆ ಆ ವರ್ಷದ ವರದಿಯಲ್ಲಿ ಕೆಂಪು ಗುರುತು ಬಿತ್ತು. ಡಾಫ್ನಿ ಮೇಡಂಗೂ ಬಿತ್ತು. ಅವರು ಆ ವಿಷಯ ಯಾವತ್ತೂ ಎತ್ತಲಿಲ್ಲ.

ಸಂಪಾದಕಿ ಮೂರು ವಾರದ ನಂತರ ಉತ್ತರಿಸಿದರು. ಒಪ್ಪಿಗೆ ಎರಡೂ ಮನೆಯಿಂದ ಬೇಕು ಎಂದಷ್ಟೇ ಕೇಳಿದ್ದರು. ನಿಂಗಪ್ಪನವರು ರುಜು ಹಾಕಿದರು, ಶಾಂತವ್ವ ಎಡಗೈಯಲ್ಲಿ ರುಜು ಹಾಕಿದರು. ಮುಂದಿನ ವರ್ಷ ದಪ್ಪನೆಯ ಪುಸ್ತಕದ ಎರಡು ಪ್ರತಿ ಬಂದವು. ಎಲ್ಲ ಕವಿಗಳ ಹೆಸರಿನ ಮುಂದೆ ಹುಟ್ಟಿದ ವರ್ಷ, ತೀರಿಕೊಂಡಿದ್ದರೆ ಆ ವರ್ಷ. ನಿಂಗಪ್ಪ ಹಳ್ಳೂರ ಎಂಬ ಹೆಸರಿನ ಮುಂದೆ ಏನೂ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಈಗ ಇಬ್ಬರು ನಿಂಗಪ್ಪರು ಬೇರೆ ಬೇರೆ ಇದ್ದಾರೆ, ಆ ಪುಸ್ತಕ ಮಾತ್ರ ಇಬ್ಬರ ಕೆಳಗೂ ಇದೆ. ಹೊಸ ಹುಡುಗಿಗೆ ಅದು ತಪ್ಪಾಗಿ ಕಾಣಬಹುದು. ಸರಿಪಡಿಸಬೇಡಮ್ಮ.

ಪ್ರತಿಗಳನ್ನು ಕೊಡಲು ನಾನೇ ಪೀಣ್ಯಕ್ಕೆ ಹೋದೆ. ಶಾಂತವ್ವ ಮಗನ ಮನೆಗೆ ಊಟಕ್ಕೆ ಕರೆದಿದ್ದರು, ನಿಂಗಪ್ಪನವರನ್ನೂ ಕರೆದಿದ್ದರು. ಒಂದು ಹೊರಕೋಣೆ, ಒಂದು ಅಡುಗೆಮನೆ, ನಡುವೆ ಪರದೆ. ನಾವಿಬ್ಬರೂ ಚಾಪೆಯ ಮೇಲೆ ಕೂತಿದ್ದೆವು. ನಿಂಗಪ್ಪನವರು ಇಂಗ್ಲಿಷ್ ಓದಲು ಬಾರದಿದ್ದರೂ ಆ ಪುಟ ತೆರೆದು ಹೆಸರಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಒಳಗೆ ಶಾಂತವ್ವ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದರು. ನಾನು ಕಿವಿಗೊಟ್ಟು ಕೇಳಿದೆ. ಎಡಗೈಯ ಬಡಿತಕ್ಕೂ ಬಲಗೈಯದಕ್ಕೂ ವ್ಯತ್ಯಾಸ ಕೇಳಿಸುತ್ತದೆಯೇ ಎಂದು. ನನಗೇನೂ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದರೆ ನಿಂಗಪ್ಪನವರೂ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಏನನಿಸ್ತದೆ?" ಎಂದು ಮೆಲ್ಲಗೆ ಕೇಳಿದೆ.

ಅವರು ಕಣ್ಣು ತೆರೆಯಲಿಲ್ಲ. "ಇದs ಸಪ್ಪಳ ಅನಸ್ತೈತ್ರಿ ಮೇಡಂ" ಎಂದರು. ಒಂದು ರೊಟ್ಟಿ ಹಂಚಿನ ಮೇಲೆ ಬಿದ್ದು ಇನ್ನೊಂದು ಶುರುವಾಗುವ ತನಕ ತಡೆದು, "ಆದ್ರ ರೊಟ್ಟಿ ಸಪ್ಪಳ ಎಲ್ಲಿ ಕೇಳಿದ್ರೂ ನನಗ ಹಂಗs ಅನಸ್ತೈತಿ" ಎಂದರು.

ಪರದೆಯ ಆಚೆ ಬಡಿತ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ಈ ಸಲ ಸ್ವಲ್ಪ ಜೋರಾಗಿ.